ಮಳೆಗಾಲಕ್ಕೊಂದು ಸೂರು: ಸ್ವೀಡನ್ ಟೆನಿಸ್ ಬೆಳೆದ ಬಗೆ, ಬಾಡಿದ ಬಗೆ

(ಶಿವಮೊಗ್ಗದಲ್ಲಿ ಕ್ರೀಡಾಸಕ್ತ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಹೇಳಲು ಮರೆತ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1987ರ ಡಿಸೆಂಬರ್ ತಿಂಗಳು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಜೋರಾಗಿ ನಡೆದಿತ್ತು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿತ್ತು, ಚಪ್ಪರದಡಿ ಮೆಟ್ಟುಗತ್ತಿಗಳ ಸಾಲು. ಪೇಪರು ನಮಗೆ ಬರುತ್ತಿದ್ದದ್ದು ಮಧ್ಯಾಹ್ನದ ಬಸ್ಸಿಗೆ. ಅವತ್ತು ರಸ್ತೆಯ ತನಕ ಹೋಗಿ ಪೇಪರು ತಂದವರು ಅಪ್ಪಯ್ಯ. ಜಗಲಿಗೆ ಬಂದವರು ಕನ್ನಡಕವನ್ನೂ ತೆಗೆಯದೆ, 'ಐದಕ್ಕೆ ಸೊನ್ನೆ ಮಾರಾಯ. ಒಂದೂ ಸಿಗಲಿಲ್ಲ' ಎಂದು ಪೇಪರನ್ನು ನನ್ನ ಕೈಗಿಟ್ಟು ಒಳಗೆ ಹೋದರು. ದೇಶ ದೇಶಗಳ ತಂಡಗಳು ಐದೈದು ಪಂದ್ಯ ಆಡುವ ಟೆನಿಸ್ ಪಂದ್ಯಾವಳಿ ಡೇವಿಸ್ ಕಪ್. ಅದರ ಫೈನಲ್‌ನಲ್ಲಿ ಭಾರತ ಸ್ವೀಡನ್‌ಗೆ ಸೋತಿತ್ತು.

ಆ ವರ್ಷ ನಮ್ಮವರು ಆಡಿದ ಆಟವನ್ನು ನೆನೆದರೆ ಇವತ್ತಿಗೂ ಎದೆ ತುಂಬುತ್ತದೆ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು ಅವರದೇ ಸಿಡ್ನಿಯಲ್ಲಿ, ಅವರದೇ ಹುಲ್ಲಿನ ಅಂಕಣದಲ್ಲಿ 3-2ರಿಂದ ಸೋಲಿಸಿ ಬಂದಿದ್ದರು. ಕೊನೆಯ ಐದನೇ ಪಂದ್ಯ ಗೆದ್ದುಕೊಟ್ಟವರು ರಮೇಶ್ ಕೃಷ್ಣನ್. ಹುಲ್ಲು ಅವರಿಗೂ ವಿಜಯ್ ಅಮೃತರಾಜ್ ಅವರಿಗೂ ತವರುಮನೆ ಇದ್ದ ಹಾಗೆ. ಫೈನಲ್‌ಗೆ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋದರೆ ಅಲ್ಲಿ ಕಾದಿದ್ದದ್ದು ಮಣ್ಣಿನ ಅಂಕಣ. ಅದೂ ಡಿಸೆಂಬರ್‌ನಲ್ಲಿ, ಐಸ್ ಹಾಕಿ ಆಡುವ ದೊಡ್ಡ ಒಳಾಂಗಣದಲ್ಲಿ. ಹೊರಗೆ ಕೊರೆಯುವ ಚಳಿ, ಒಳಗೆ ಕೆಮ್ಮಣ್ಣು. ಮ್ಯಾಟ್ಸ್ ವಿಲಾಂಡರ್ ಮತ್ತು ಆಂಡರ್ಸ್ ಯಾರಿಡ್ ಸಿಂಗಲ್ಸ್ ಆಡಿದರು. ಡಬಲ್ಸ್‌ನಲ್ಲಿ ವಿಲಾಂಡರ್ ಜೊತೆ ಯೋಕಿಮ್ ನೈಸ್ಟ್ರಾಮ್. ಆ ವರ್ಷದ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದ ಸ್ಟೀಫನ್ ಎಡ್ಬರ್ಗ್‌ನನ್ನು ಅವರು ಕಣಕ್ಕಿಳಿಸಲೇ ಇಲ್ಲ. ಅವನಿಲ್ಲದೆಯೇ 5-0.

ನನಗಾಗ ಹದಿನೇಳು. ಸೋತದ್ದಕ್ಕಿಂತ ಈ ಎಡ್ಬರ್ಗ್ ಆಡದೇ ಇದ್ದ ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಅಂಥವನನ್ನೂ ಕೂರಿಸಿ ಗೆಲ್ಲುತ್ತಾರೆ ಎಂದರೆ ಆ ದೇಶದಲ್ಲಿ ಎಷ್ಟು ಜನ ಆಡುತ್ತಿರಬೇಕು! ಅಟ್ಲಾಸ್ ತೆಗೆದು ನೋಡಿದೆ, ಜನಸಂಖ್ಯೆ ಹುಡುಕಿದೆ. ಸ್ವೀಡನ್ನಿನ ಜನ ಆಗ ಸುಮಾರು 84 ಲಕ್ಷ. 1981ರ ಜನಗಣತಿಯ ಪ್ರಕಾರ ನಮ್ಮ ಕರ್ನಾಟಕ ಒಂದರಲ್ಲೇ 3.7 ಕೋಟಿ. ನಮ್ಮ ರಾಜ್ಯದ ಕಾಲು ಭಾಗಕ್ಕೂ ಕಡಿಮೆ ಜನರಿರುವ, ವರ್ಷದಲ್ಲಿ ಆರು ತಿಂಗಳು ಬಯಲಿನಲ್ಲಿ ಚೆಂಡು ಪುಟಿಸಲಿಕ್ಕೂ ಆಗದ ಒಂದು ದೇಶ ಜಗತ್ತಿನ ಟೆನಿಸ್ಸನ್ನು ಆಳಿದ್ದು ಹೇಗೆ? ಆಮೇಲೆ ಅದೇ ದೇಶ ಹೇಳಹೆಸರಿಲ್ಲದಂತೆ ಹಿಂದೆ ಬಿದ್ದದ್ದು ಹೇಗೆ? ಇವೆರಡು ಪ್ರಶ್ನೆಗಳ ಬೆನ್ನು ಹತ್ತಿದ್ದರ ಫಲ ಇವತ್ತಿನ ಮಾತು.

ಮೊದಲು ಏರಿದ ಕತೆ.

ಟೆನಿಸ್ ಅಲ್ಲಿಗೂ ದೊಡ್ಡವರ ಆಟವಾಗಿಯೇ ಬಂತು. ಅವರ ರಾಜ ಐದನೇ ಗುಸ್ತಾವ್ ಯುವರಾಜನಾಗಿದ್ದಾಗ ಇಂಗ್ಲೆಂಡಿನಲ್ಲಿ ಈ ಆಟ ನೋಡಿ ಮೆಚ್ಚಿ ತನ್ನ ದೇಶಕ್ಕೆ ತಂದ. ಮುದಿಪ್ರಾಯದವರೆಗೂ 'ಮಿಸ್ಟರ್ ಜಿ' ಎಂಬ ಹೆಸರಿನಲ್ಲಿ ಆಡುತ್ತಿದ್ದ. ನಮ್ಮಲ್ಲೂ ಹಾಗೇ ತಾನೆ? ಅಮಲ್ದಾರರು, ಡಾಕ್ಟರು, ಎಸ್ಟೇಟಿನ ಧಣಿಗಳು ಸಂಜೆ ಬಿಳಿ ಪ್ಯಾಂಟು ಹಾಕಿಕೊಂಡು ಆಡುವ ಆಟ. ನಾನು ಕಲಿತದ್ದೂ ಅಂಥದ್ದೇ ಒಂದು ಪೇಟೆ ಕ್ಲಬ್ಬಿನ ಬೇಲಿಯಾಚೆ ನಿಂತು, ಚೆಂಡು ಹೆಕ್ಕಿಕೊಡುತ್ತಾ.

ಆದರೆ ಅಲ್ಲಿ ಆಟ ಅರಮನೆಯಲ್ಲೇ ಉಳಿಯಲಿಲ್ಲ. ಚಳಿಗಾಲಕ್ಕೆಂದು ಸೂರು ಹಾಕಿದ ಅಂಕಣಗಳನ್ನು ಅವರು ಊರೂರಿನಲ್ಲಿ ಕಟ್ಟಿಕೊಂಡರು. ಕೆಲವು ಕಡೆ ಕ್ಲಬ್ಬಿನವರು, ಹಲವು ಕಡೆ ಪುರಸಭೆಯವರು. ಅರಮನೆಯೇನಲ್ಲ, ನಮ್ಮ ಎಪಿಎಂಸಿ ಗೋದಾಮಿನ ಹಾಗೆ ಉದ್ದುದ್ದ ಕಟ್ಟಡ, ಎತ್ತರದ ಮಾಡು, ಒಳಗೆ ಎರಡು ಮೂರು ಅಂಕಣ. ಹೊರಗೆ ಮೂರು ಗಂಟೆಗೇ ಕತ್ತಲಾಗಿ ಹಿಮ ಸುರಿಯುತ್ತಿದ್ದರೂ ಒಳಗೆ ದೀಪ ಹಾಕಿ ಮಕ್ಕಳು ಆಡುತ್ತಿದ್ದರು. ಬೇಸಿಗೆ ಬಂದರೆ ಹೊರಗಿನ ಮಣ್ಣಿನ ಅಂಕಣ. ಹೀಗೆ ಒಂದೇ ಮಗು ಚಳಿಗಾಲದಲ್ಲಿ ವೇಗದ ನೆಲದ ಮೇಲೆ, ಬೇಸಿಗೆಯಲ್ಲಿ ನಿಧಾನದ ಮಣ್ಣಿನ ಮೇಲೆ ಆಡುತ್ತಾ ಬೆಳೆಯುತ್ತಿತ್ತು. ಹವಾಮಾನದ ಕೊರತೆಯೇ ಎರಡು ಬಗೆಯ ಆಟ ಕಲಿಸಿತು.

ಇದನ್ನು ಓದಿದಾಗ ನನಗೆ ನಮ್ಮ ಕ್ಲಬ್ಬಿನ ಮಾರ್ಕರ್, ಅಂದರೆ ಅಂಕಣ ನೋಡಿಕೊಳ್ಳುವವರು, ನೆನಪಾಗುತ್ತಾರೆ. ಅವರ ವರ್ಷವೆಲ್ಲ ಮಳೆ ನಕ್ಷತ್ರಗಳ ಮೇಲೆ ನಡೆಯುತ್ತಿತ್ತು. ಮೃಗಶಿರಾ ಮಳೆ ಹಿಡಿಯಿತೆಂದರೆ ನೆಟ್ ಬಿಚ್ಚಿ, ಸುರುಳಿ ಸುತ್ತಿ, ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕುವರು. ಆಮೇಲೆ ಅಂಕಣದ ಮೇಲೆ ಮೊಣಕಾಲುದ್ದ ಹುಲ್ಲು. ಚಿತ್ತೆ ಮಳೆ ಕಳೆದ ಮೇಲೆ ಹುಲ್ಲು ಕೆತ್ತಿ, ಕೆಮ್ಮಣ್ಣು ಜರಡಿ ಹಿಡಿದು ಹರಡಿ, ನೀರು ಹೊಯ್ದು, ನಾಲ್ಕು ಜನ ಸೇರಿ ಕಬ್ಬಿಣದ ರೋಲರ್ ಎಳೆದು, ಅಡಿಕೆ ಅಂಗಳಕ್ಕೆ ಬಳಿದ ಹಾಗೆ ಸಗಣಿ ಬಳಿದು, ಹಗ್ಗ ಹಿಡಿದು ಸುಣ್ಣದ ಗೆರೆ ಎಳೆಯುವ ಹೊತ್ತಿಗೆ ದೀಪಾವಳಿ. ನನ್ನದು ಮರದ ರ‍್ಯಾಕೆಟ್. ಥಂಡಿಗೆ ಚೌಕಟ್ಟು ಸೊಟ್ಟಗಾಗಬಾರದೆಂದು ನಾಲ್ಕು ಮೂಲೆಗೆ ತಿರುಪು ಇರುವ ಪ್ರೆಸ್ಸಿನಲ್ಲಿ ಬಿಗಿದು, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದೆ. ಅಕ್ಟೋಬರ್‌ನಲ್ಲಿ ತೆಗೆದರೆ ಹಿಡಿಕೆಗೆಲ್ಲ ಹೊಗೆಯ ವಾಸನೆ. ಕೈ ಮಾತ್ರ ಆಟ ಮರೆತಿರುತ್ತಿತ್ತು. ಪ್ರತಿ ವರ್ಷ ಮೊದಲಿನಿಂದ ಶುರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಆ ಸೀಮೆಯ ಮಕ್ಕಳಿಗೆ ಟೆನಿಸ್ ಎಂದರೆ ಏಳು ತಿಂಗಳ ಆಟ. ಸ್ವೀಡನ್ನಿನ ಮಕ್ಕಳಿಗೆ ಹನ್ನೆರಡು ತಿಂಗಳ ಆಟ. ವ್ಯತ್ಯಾಸ ಇದ್ದದ್ದು ಒಂದು ಮಾಡಿನಲ್ಲಿ.

ಇಂಥ ನೆಲಕ್ಕೆ ಬಂದು ಬಿದ್ದ ಬೀಜ ಬ್ಯೋರ್ನ್ ಬೋರ್ಗ್. ಸ್ಟಾಕ್‌ಹೋಮ್ ಹತ್ತಿರದ ಸೋಡರ್ಟೇಲ್ಯ ಎಂಬ ಊರಿನಲ್ಲಿ ಬೆಳೆದ ಹುಡುಗ. ಅವನ ತಂದೆ ಒಂದು ಟೇಬಲ್ ಟೆನಿಸ್ ಪಂದ್ಯಾವಳಿ ಗೆದ್ದು ಬಹುಮಾನವಾಗಿ ಬಂದ ಟೆನಿಸ್ ರ‍್ಯಾಕೆಟ್ಟನ್ನು ಮಗನ ಕೈಗೆ ಕೊಟ್ಟರು. ಹುಡುಗ ಮನೆಯ ಗ್ಯಾರೇಜ್ ಬಾಗಿಲಿಗೆ ಚೆಂಡು ಬಾರಿಸುತ್ತಲೇ ಇದ್ದ. ಐಸ್ ಹಾಕಿ ಆಡಿದ ಕೈ ಅದು, ರ‍್ಯಾಕೆಟ್ಟನ್ನೂ ಹಾಕಿ ಕೋಲಿನ ಹಾಗೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಆ ಕಾಲಕ್ಕೆ ಅದು ತಪ್ಪು ಹಿಡಿತ. ತಿದ್ದಬೇಕೆಂದು ಹೇಳಿದವರು ಬೇಕಾದಷ್ಟು ಜನ. ಪರ್ಸಿ ರೋಸ್‌ಬರ್ಗ್ ಎಂಬ ಕೋಚ್ ಮಾತ್ರ, ಇದು ಇವನದ್ದು, ಮುಟ್ಟುವುದು ಬೇಡ ಎಂದರು. ಮುಂದೆ ಅದೇ ರೋಸ್‌ಬರ್ಗ್, ಎರಡು ಕೈ ಹಿಡಿತದ ಇನ್ನೊಬ್ಬ ಹುಡುಗನನ್ನು ನೋಡಿ, ನಿನಗೆ ಒಂದು ಕೈಯೇ ಸರಿ ಎಂದು ಬದಲಾಯಿಸಿದರು. ಆ ಹುಡುಗ ಎಡ್ಬರ್ಗ್. ಅವನ ಒಂದು ಕೈಯ ಬ್ಯಾಕ್‌ಹ್ಯಾಂಡ್ ಟೆನಿಸ್ಸಿನ ಅತಿ ಚೆಂದದ ಹೊಡೆತಗಳಲ್ಲಿ ಒಂದಾಯಿತು. ಇಬ್ಬರು ಮಕ್ಕಳಿಗೆ ಎರಡು ಉತ್ತರ, ಎರಡೂ ಸರಿ. ಇಲ್ಲಿ ಕೂತಿರುವ ಮೇಷ್ಟ್ರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕ ನೋಡಿ ಪಾಠ ಮಾಡುವುದು ಬೇರೆ, ಮಗುವನ್ನು ನೋಡಿ ಪಾಠ ಮಾಡುವುದು ಬೇರೆ.

ಬೋರ್ಗ್ ಹದಿನೈದಕ್ಕೇ ಡೇವಿಸ್ ಕಪ್ ಆಡಿದ. 1974ರಿಂದ 1981ರೊಳಗೆ ಆರು ಫ್ರೆಂಚ್ ಓಪನ್, 1976ರಿಂದ 1980ರ ತನಕ ಸತತ ಐದು ವಿಂಬಲ್ಡನ್. 1980ರ ಫೈನಲ್‌ನಲ್ಲಿ ಜಾನ್ ಮೆಕೆನ್ರೋ ಎದುರು ನಾಲ್ಕನೇ ಸೆಟ್ ಸಮವಾದಾಗ ಅದನ್ನು ತೀರ್ಮಾನಿಸಲು ಆಡುವ ಟೈಬ್ರೇಕರನ್ನು 16-18ರಿಂದ ಸೋತು, ಮತ್ತೆ ಎದ್ದು ಐದನೇ ಸೆಟ್ಟನ್ನು 8-6ರಿಂದ ಗೆದ್ದ ಕತೆ ನಿಮಗೆಲ್ಲ ಗೊತ್ತು. 1975ರಲ್ಲಿ ಸ್ವೀಡನ್‌ಗೆ ಮೊದಲ ಡೇವಿಸ್ ಕಪ್ ಬಂತು. 1983ರ ಜನವರಿಯಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ಬೋರ್ಗ್ ಸಾಕು ಎಂದ.

ನಾಯಕ ಹೋದ ಕೂಡಲೇ ಮುಗಿದುಹೋಗುವ ಕತೆಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇಲ್ಲಿ ಹಾಗಾಗಲಿಲ್ಲ. ಬೋರ್ಗ್ ವಿದಾಯ ಹೇಳುವ ಮೊದಲೇ, 1982ರ ಬೇಸಿಗೆಯಲ್ಲಿ, ಅವನು ಆಡದೆ ಬಿಟ್ಟಿದ್ದ ಫ್ರೆಂಚ್ ಓಪನ್‌ಗೆ ವಿಲಾಂಡರ್ ಎಂಬ ಹದಿನೇಳರ ಹುಡುಗ ಬಂದ. ಅವನ ಸೆಮಿಫೈನಲ್‌ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಎದುರಾಳಿ ಅರ್ಜೆಂಟೀನಾದ ಹೋಸೆ ಲೂಯಿಸ್ ಕ್ಲರ್ಕ್. ಮ್ಯಾಚ್ ಪಾಯಿಂಟ್. ಕ್ಲರ್ಕ್ ಹೊಡೆದ ಚೆಂಡು ಗೆರೆಯಾಚೆ ಬಿತ್ತೆಂದು ತೀರ್ಪಾಯಿತು. ಆಟ ಮುಗಿಯಿತು, ಫೈನಲ್ ಖಾತ್ರಿ, ಕೈ ಕುಲುಕಿದರೆ ಸಾಕು. ಹುಡುಗ ಅಂಪೈರ್ ಹತ್ತಿರ ಹೋಗಿ, ಚೆಂಡು ಒಳಗೇ ಬಿದ್ದಿದೆ, ಹೀಗೆ ಗೆಲ್ಲುವುದು ನನಗೆ ಬೇಡ ಎಂದ. ಪಾಯಿಂಟನ್ನು ಮತ್ತೆ ಆಡಿಸಿದರು. ಅದನ್ನೂ ಅವನೇ ಗೆದ್ದ. ಫೈನಲ್‌ನಲ್ಲಿ ಗಿಯೆರ್ಮೊ ವಿಲಾಸ್‌ನನ್ನು ಸೋಲಿಸಿದ. ಆ ವಯಸ್ಸಿನ ಹುಡುಗನಿಗೆ ಆ ಕ್ಷಣದಲ್ಲಿ ಆ ಮಾತು ಬಾಯಿಗೆ ಬರಬೇಕಾದರೆ ಅದು ಆವತ್ತು ಹುಟ್ಟಿದ ಮಾತಲ್ಲ. ಯಾವುದೋ ಊರಿನ ಮಾಡಿನ ಕೆಳಗೆ ದಿನಾ ಸಂಜೆ ಅದೇ ನಾಲ್ಕು ಹುಡುಗರ ಜೊತೆ ಆಡುತ್ತಾ, ಗೆರೆಯನ್ನು ತಾವೇ ನೋಡಿ ತಾವೇ ಹೇಳುತ್ತಾ ಬಂದ ರೂಢಿ ಅದು. ಎಡ್ಬರ್ಗ್‌ನಲ್ಲೂ ಅದೇ ಗುಣ. ಅವನ ಸಜ್ಜನಿಕೆ ಎಷ್ಟೆಂದರೆ, ವೃತ್ತಿಪರ ಪುರುಷ ಟೆನಿಸ್ ನಡೆಸುವ ಎಟಿಪಿ ಸಂಸ್ಥೆ ಕ್ರೀಡಾಮನೋಭಾವಕ್ಕೆ ಕೊಡುವ ಪ್ರಶಸ್ತಿಗೆ ಅವನ ಹೆಸರನ್ನೇ ಇಟ್ಟಿದೆ.

ಆಮೇಲಿನದ್ದು ಹೊಳೆಗೆ ನೆರೆ ಬಂದ ಹಾಗೆ. 1983ರಿಂದ 1989ರ ತನಕ ಸತತ ಏಳು ವರ್ಷ ಸ್ವೀಡನ್ ಡೇವಿಸ್ ಕಪ್ ಫೈನಲ್ ಆಡಿತು. 1984ರಲ್ಲಿ ಮೆಕೆನ್ರೋ, ಕಾನರ್ಸ್ ಇಬ್ಬರೂ ಇದ್ದ ಅಮೆರಿಕವನ್ನು ಅದೇ ಗೋಥೆನ್‌ಬರ್ಗ್‌ನ ಮಣ್ಣಿನಲ್ಲಿ ಮಣಿಸಿದರು. 1988ರಲ್ಲಂತೂ ಟೆನಿಸ್ಸಿನ ಅತಿ ದೊಡ್ಡ ಪಂದ್ಯಾವಳಿಗಳಾದ ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯುಎಸ್ ಓಪನ್, ಈ ನಾಲ್ಕೂ ಗ್ರ್ಯಾನ್‌ಸ್ಲಾಮ್‌ನ ಪುರುಷರ ಸಿಂಗಲ್ಸ್ ಕಿರೀಟ ಸ್ವೀಡನ್ನಿಗೆ: ವಿಂಬಲ್ಡನ್ ಎಡ್ಬರ್ಗ್‌ಗೆ, ಉಳಿದ ಮೂರೂ ವಿಲಾಂಡರ್‌ಗೆ. ಬೋರ್ಗ್ 11, ವಿಲಾಂಡರ್ 7, ಎಡ್ಬರ್ಗ್ 6. ಮೂರೇ ಜನ, 1974ರಿಂದ 1992ರೊಳಗೆ, 24 ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ.

ಈ ಮೂವರು ಎಲ್ಲಿಯವರು ನೋಡಿ. ಎಡ್ಬರ್ಗ್ ವೆಸ್ಟರ್ವಿಕ್ ಎಂಬ ಕರಾವಳಿ ಪೇಟೆಯ ಪೊಲೀಸರೊಬ್ಬರ ಮಗ. ಆ ಊರು ನಮ್ಮ ಸಾಗರಕ್ಕಿಂತ ಸಣ್ಣದು. ವಿಲಾಂಡರ್ ವೆಕ್ಷೋ ಎಂಬ ಊರಿನವ. ರಾಜಧಾನಿಯ ದೊಡ್ಡ ಕ್ಲಬ್ಬಿನ ಬಾಗಿಲು ಕಾಯದೆ, ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ದೂರದಲ್ಲಿ ಒಂದು ಅಂಕಣ, ಅಲ್ಲೊಬ್ಬ ಕಲಿಸುವವ, ಜೊತೆಗೆ ಆಡಲು ತನ್ನಷ್ಟೇ ಗಟ್ಟಿಗನಾದ ಇನ್ನೊಬ್ಬ ಹುಡುಗ. ಪರಂಪರೆ ಎಂದರೆ ನಾನು ಇದನ್ನೇ ಅನ್ನುವುದು. ನಮ್ಮ ಭದ್ರಾವತಿಯಲ್ಲಿ ಜಿ.ಆರ್. ವಿಶ್ವನಾಥ್ ಹುಟ್ಟಿದರು, ಅದು ನಮ್ಮ ಜಿಲ್ಲೆಯ ಪುಣ್ಯ. ಆದರೆ ಒಬ್ಬ ವಿಶ್ವನಾಥ್ ಬಂದುಹೋದದ್ದು ಬೇರೆ, ಒಂದರ ಹಿಂದೆ ಒಂದು ತಲೆಮಾರು ಬರುತ್ತಲೇ ಇರುವುದು ಬೇರೆ. ಎರಡನೆಯದನ್ನು ನಮ್ಮ ಕಣ್ಣಳತೆಯಲ್ಲಿ ನೋಡಬೇಕೆಂದರೆ ಕೊಡಗಿನ ಹಾಕಿಯನ್ನು ನೋಡಬೇಕು. ಅಲ್ಲಿ ಮನೆತನಕ್ಕೆ ಮನೆತನವೇ ಮೈದಾನಕ್ಕಿಳಿಯುತ್ತದೆ.

ಇನ್ನೊಂದು ಸಂಗತಿ. ವಿಲಾಂಡರ್, ಯಾರಿಡ್, ನೈಸ್ಟ್ರಾಮ್, ಹಾನ್ಸ್ ಸಿಮೊನ್ಸನ್, ಈ ನಾಲ್ವರು ಎಂಬತ್ತರ ದಶಕದ ಮೊದಲಲ್ಲಿ ಒಂದೇ ತಂಡವಾಗಿ ಊರೂರು ತಿರುಗಿದರು. ಸಿಯಾಬ್ ಎಂಬ ಕಟ್ಟಡ ನಿರ್ಮಾಣ ಕಂಪನಿಯೊಂದು ಖರ್ಚು ನೋಡಿಕೊಂಡಿತು. ನಾಲ್ವರಿಗೂ ಒಬ್ಬರೇ ಕೋಚ್, ಯೋನ್ ಆಂಡರ್ಸ್ ಶೋಗ್ರೆನ್. ಟೆನಿಸ್ಸಿನಲ್ಲಿ ಪ್ರತಿಯೊಬ್ಬನೂ ಪ್ರತಿಯೊಬ್ಬನ ಎದುರಾಳಿ. ಆದರೂ ಈ ಹುಡುಗರು ಒಟ್ಟಿಗೆ ಉಣ್ಣುತ್ತಿದ್ದರು, ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದರು. ಯಾರಿಡ್ ಮುಂದೆ ಜಗತ್ತಿನ 5ನೇ ಸ್ಥಾನಕ್ಕೆ, ನೈಸ್ಟ್ರಾಮ್ 7ನೇ ಸ್ಥಾನಕ್ಕೆ ಏರಿದರು. ವಿಲಾಂಡರ್ ಮೊದಲನೆಯವನಾದ.

ಒಂದು ಕೊರತೆಯನ್ನೂ ಹೇಳಬೇಕು. ನಾನು ಇಷ್ಟು ಹೊತ್ತು ಹೇಳಿದ್ದು ಗಂಡಸರ ಕತೆ. ಅದೇ ಮಾಡಿನ ಕೆಳಗೆ ಹುಡುಗಿಯರೂ ಆಡಿದರು, ಆದರೆ ಅವರ ಸಾಲು ಅಷ್ಟು ಉದ್ದ ಬೆಳೆಯಲಿಲ್ಲ. ಕತರೀನಾ ಲಿಂಡ್‌ಕ್ವಿಸ್ಟ್ 1987ರ ಆಸ್ಟ್ರೇಲಿಯನ್ ಓಪನ್‌ನಲ್ಲೂ 1989ರ ವಿಂಬಲ್ಡನ್‌ನಲ್ಲೂ ಸೆಮಿಫೈನಲ್ ತಲುಪಿದ್ದು ದೊಡ್ಡ ಸಾಧನೆ. ಆದರೆ ಬೋರ್ಗ್‌ನಂಥ ಒಬ್ಬಳು ಅಲ್ಲಿ ಬರಲಿಲ್ಲ. ಅರ್ಧ ಮನೆಗೆ ಮಾತ್ರ ದೀಪ ಹಚ್ಚಿದ ಪರಂಪರೆ ಅದು ಎಂದೇ ನನಗೆ ಅನ್ನಿಸಿದೆ.

ಈಗ ಇಳಿದ ಕತೆ. ಇದು ಒಂದೇ ದಿನ ಆದದ್ದಲ್ಲ, ಕೆರೆ ಬತ್ತಿದ ಹಾಗೆ. ತೊಂಬತ್ತರ ದಶಕದಲ್ಲಿ ನೋಡುವವರಿಗೆ ನೀರು ತುಂಬಿದಂತೆಯೇ ಕಾಣುತ್ತಿತ್ತು. 1994, 1997, 1998, ಮೂರು ಡೇವಿಸ್ ಕಪ್ ಬಂದವು, ಒಟ್ಟು ಏಳಾಯಿತು. ಯೂನಾಸ್ ಬ್ಯೋರ್ಕ್‌ಮನ್, ಥಾಮಸ್ ಎನ್‌ಕ್ವಿಸ್ಟ್ ಇಬ್ಬರೂ 4ನೇ ಸ್ಥಾನ ಮುಟ್ಟಿದರು. ಮ್ಯಾಗ್ನಸ್ ನಾರ್ಮನ್ 2000ದಲ್ಲಿ 2ನೇ ಸ್ಥಾನಕ್ಕೆ ಹೋಗಿ ಫ್ರೆಂಚ್ ಓಪನ್ ಫೈನಲ್ ಆಡಿದ. 2002ರಲ್ಲಿ ಥಾಮಸ್ ಯೋಹಾನ್ಸನ್ ಆಸ್ಟ್ರೇಲಿಯನ್ ಓಪನ್ ಗೆದ್ದ. ಅದೇ ಕೊನೆ. ಆಮೇಲೆ ಸ್ವೀಡನ್ನಿನ ಯಾವ ಗಂಡಸೂ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದಿಲ್ಲ.

ನಡುವೆ ಒಬ್ಬ ಬಂದ, ರಾಬಿನ್ ಸೋಡರ್ಲಿಂಗ್. ತೀರ್ಥಹಳ್ಳಿಗಿಂತ ಸಣ್ಣ ಊರಾದ ಟೀಬ್ರೋದವ. 2009ರ ಮೇ 31ರಂದು ಪ್ಯಾರಿಸ್ಸಿನ ಫ್ರೆಂಚ್ ಓಪನ್‌ನಲ್ಲಿ ರಫೆಲ್ ನಡಾಲ್‌ನನ್ನು ಸೋಲಿಸಿದ. ಅಲ್ಲಿಯ ತನಕ ಆ ಅಂಗಳದಲ್ಲಿ ನಡಾಲ್ 31 ಪಂದ್ಯ ಆಡಿ ಒಂದನ್ನೂ ಸೋತಿರಲಿಲ್ಲ. ಆ ವರ್ಷವೂ ಮರುವರ್ಷವೂ ಸೋಡರ್ಲಿಂಗ್ ಫೈನಲ್ ತಲುಪಿದ. 2011ರ ಜುಲೈನಲ್ಲಿ ತನ್ನ ದೇಶದ ಬೋಸ್ಟಾಡ್‌ನಲ್ಲಿ ಪಂದ್ಯಾವಳಿ ಗೆದ್ದ. ಆಮೇಲೆ ಗ್ರಂಥಿಜ್ವರ ಅವನನ್ನು ಹಿಡಿದದ್ದು ಬಿಡಲೇ ಇಲ್ಲ. ಆ ಗೆಲುವೇ ಅವನ ಕೊನೆಯ ಪಂದ್ಯವಾಯಿತು. ವಯಸ್ಸು ಇಪ್ಪತ್ತಾರು. ಬೋರ್ಗ್ ಬಿಟ್ಟ ವಯಸ್ಸೇ. ಆದರೆ ಬೋರ್ಗ್ ಬಿಟ್ಟಾಗ ಹಿಂದೆ ಒಂದು ಸಾಲೇ ನಿಂತಿತ್ತು, ಸೋಡರ್ಲಿಂಗ್ ಬಿಟ್ಟಾಗ ಹಿಂದೆ ಯಾರೂ ಇರಲಿಲ್ಲ. 2012ರಲ್ಲಿ ಸ್ವೀಡನ್ ಡೇವಿಸ್ ಕಪ್‌ನ ವಿಶ್ವ ಗುಂಪು ಎಂಬ ಮೇಲಿನ ದರ್ಜೆಯಿಂದಲೇ ಹೊರಬಿತ್ತು. ಎಲಿಯಾಸ್, ಮಿಕಾಯೆಲ್ ಎಂಬ ಈಮರ್ ಸಹೋದರರು ಬಂದು ಅಗ್ರ ನೂರರೊಳಗೆ ಕಾಲಿಡುವ ತನಕ ಅಲ್ಲಿಯ ಅಭಿಮಾನಿಗಳು ಕಾದರು. ಆ ಹುಡುಗರ ತಂದೆತಾಯಿ ಇಥಿಯೋಪಿಯಾದಿಂದ ಹೋಗಿ ನೆಲೆಸಿದವರು.

ಹೀಗೇಕಾಯಿತು? ಕಾರಣಗಳು ಹಲವು. ಜಗತ್ತು ದೊಡ್ಡದಾಯಿತು. ಸ್ಪೇನ್ ಮಣ್ಣಿನ ಅಂಕಣದ ಶಾಲೆಗಳನ್ನು ಕಟ್ಟಿತು. ಬರ್ಲಿನ್ ಗೋಡೆ ಬಿದ್ದ ಮೇಲೆ ರಷ್ಯಾ, ಸರ್ಬಿಯಾ, ಕ್ರೊಯೇಷಿಯಾದ ಮಕ್ಕಳು ಗೆದ್ದರೆ ಮಾತ್ರ ಬದುಕು ಎಂಬ ಹಸಿವು ಹೊತ್ತು ಬಂದರು. ತೊಂಬತ್ತರ ದಶಕದ ಮೊದಲಲ್ಲಿ ಸ್ವೀಡನ್ನಿನ ಬ್ಯಾಂಕುಗಳು ಕುಸಿದು ಸರ್ಕಾರದ ಕೈ ಬಿಗಿಯಾಯಿತು. ಅಲ್ಲಿಯ ಮಕ್ಕಳನ್ನು ಗಾಲ್ಫ್, ಫುಟ್‌ಬಾಲ್, ಒಳಾಂಗಣ ಹಾಕಿ ಕರೆದವು. ಇದೆಲ್ಲ ನಿಜ. ಆದರೆ ಮಾಡುಗಳು ಬಿದ್ದುಹೋಗಲಿಲ್ಲವಲ್ಲ? ಅಂಕಣಗಳು ಅಲ್ಲೇ ಇವೆ. ಕಲಿಸುವವರೂ ಇದ್ದಾರೆ. ರೋಜರ್ ಫೆಡರರ್ 2003ರಲ್ಲಿ ಮೊದಲ ವಿಂಬಲ್ಡನ್ ಗೆದ್ದಾಗ ಅವನ ಕೋಚ್ ಪೀಟರ್ ಲುಂಡ್‌ಗ್ರೆನ್, ಸ್ವೀಡನ್ನಿನವರು. ಮುಂದೆ ಎಡ್ಬರ್ಗ್ ಕೂಡ ಫೆಡರರ್‌ಗೆ ಎರಡು ವರ್ಷ ಕಲಿಸಿದ. ಸ್ಟಾನ್ ವಾವ್ರಿಂಕಾನನ್ನು ಗ್ರ್ಯಾನ್‌ಸ್ಲಾಮ್ ಗೆಲ್ಲಿಸಿದ್ದು ಮ್ಯಾಗ್ನಸ್ ನಾರ್ಮನ್. ವಿದ್ಯೆ ಅಲ್ಲೇ ಇದೆ, ಶಿಷ್ಯರು ಹೊರಗಿನವರಾದರು.

ನನಗೆ ಕಾಣುವುದು ಇಷ್ಟು. ಮಾಡಿನ ಕೆಳಗೆ ಸಂಜೆಯೆಲ್ಲ ಕಳೆಯುತ್ತಿದ್ದ ಆ ಗುಂಪು ಚದುರಿತು. ಬೋರ್ಗ್‌ನ ಹುಚ್ಚಿನಲ್ಲಿ ರ‍್ಯಾಕೆಟ್ ಹಿಡಿದ ತಲೆಮಾರಿಗೆ ಜೊತೆಗಾರರು ಹೇರಳವಾಗಿದ್ದರು. ಆಮೇಲಿನವರಿಗೆ ಗಂಟೆಗಿಷ್ಟು ಎಂದು ಅಂಕಣ ಸಿಕ್ಕಿತು, ಕೋಚ್ ಸಿಕ್ಕಿದರು, ಎದುರಿಗೆ ನಿಂತು ದಿನವೂ ಸೋಲಿಸುವ ಗೆಳೆಯ ಸಿಗಲಿಲ್ಲ. ನಮ್ಮ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿನ ಮೊದಲ ಸ್ಥಾನಕ್ಕೇರಿದಾಗ ನಾನು ಮನೆಯಲ್ಲಿ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ. ಅಂಥ ಕೊಡಗಿನ ಹುಡುಗ ಬೆಳೆಯುವಾಗ ಅವನ ಜೊತೆಗೆ ಇನ್ನೂ ಮೂವರು ಅಷ್ಟೇ ಗಟ್ಟಿಗರು ಪಕ್ಕದ ಊರುಗಳಲ್ಲಿ ಇದ್ದಿದ್ದರೆ?

ಕೊನೆಯದಾಗಿ ನಮ್ಮ ಮನೆಯ ಒಂದು ವಿಷಯ. ಅಕಾಲದ ಮಳೆ ತಡೆಯಲಾರದೆ ಅಣ್ಣ ಅಡಿಕೆ ಒಣಗಿಸಲು ಅಂಗಳಕ್ಕೆ ಪಾರದರ್ಶಕ ಶೀಟಿನ ಶೆಡ್ ಹಾಕಿಸಿದ. ನಿಮ್ಮಲ್ಲೂ ಹಲವರು ಹಾಕಿಸಿದ್ದೀರಿ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಅದರಲ್ಲಿ ಅಡಿಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಖಾಲಿ. ಪೂರ್ತಿ ಅಂಕಣ 78 ಅಡಿ ಉದ್ದ, 36 ಅಡಿ ಅಗಲ ಬೇಕು, ಮಾಡಿನ ಎತ್ತರವೂ ಬೇಕು. ಅದು ಅಲ್ಲಿ ಆಗದು. ಆದರೆ ಸಣ್ಣ ಮಕ್ಕಳಿಗೆ ಕೆಂಪು ಚೆಂಡಿನ ಆಟ ಅಂತ ಇದೆ. ಚೆಂಡು ಮೆದು, ಮೆಲ್ಲಗೆ ಪುಟಿಯುತ್ತದೆ. ಅಂಕಣ 36 ಅಡಿ ಉದ್ದ, 18 ಅಡಿ ಅಗಲ ಸಾಕು. ಕಳೆದ ಆಷಾಢದಲ್ಲಿ ಶೆಡ್ಡಿನ ಎರಡು ಕಂಬಕ್ಕೆ ಹಗ್ಗ ಕಟ್ಟಿ, ಹಳೇ ಮೀನುಬಲೆ ಇಳಿಬಿಟ್ಟು, ಸುಣ್ಣದ ಗೆರೆ ಎಳೆದೆವು. ಅಣ್ಣನ ಮೊಮ್ಮಗಳು, ಪಕ್ಕದ ಮನೆಯ ಇಬ್ಬರು, ಕೆಲಸಕ್ಕೆ ಬರುವವರ ಮಕ್ಕಳು ಮೂವರು. ಮಾಡಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ಚೆಂಡಿನ ಸದ್ದೇ ಕೇಳುತ್ತಿರಲಿಲ್ಲ. ಗೆರೆಯ ವಿಚಾರದಲ್ಲಿ ಮೊದಲ ವಾರ ದಿನಾ ಜಗಳ. ಎರಡನೇ ವಾರ ಮೊಮ್ಮಗಳು ತಾನೇ ಬಂದು, 'ಅಜ್ಜ, ಅದು ಒಳಗೇ ಬಿದ್ದಿತ್ತು, ಪಾಯಿಂಟು ಅವನಿಗೆ' ಎಂದಳು.

ಈ ಸಲ ಮೃಗಶಿರಾ ಹಿಡಿದ ಕೂಡಲೇ ಮತ್ತೆ ಬಲೆ ಕಟ್ಟುತ್ತೇವೆ. ಮಕ್ಕಳ ಅಳತೆಯ ಆರು ರ‍್ಯಾಕೆಟ್ ಇವೆ, ಇನ್ನೂ ನಾಲ್ಕು ತರಿಸಿದ್ದೇನೆ. ನಿಮ್ಮ ಶೆಡ್ಡಿನ ಅಳತೆ ಹೇಳಿದರೆ ಗೆರೆ ಎಳೆಯಲು ಹಗ್ಗ, ಸುಣ್ಣ ಹಿಡಿದುಕೊಂಡು ನಾನೇ ಬರುತ್ತೇನೆ.